ನಾಟಕ ಬರೆಯುವವರು ಸಿನಿಮಾಕ್ಕೆ ಬರುವ ದಾರಿ

ನಾಟಕ ಮುಗಿದು ಪರದೆ ಬಿದ್ದ ಮೇಲೆ ಗ್ರೀನ್ ರೂಮಿಗೆ ಯಾರಾದರೂ ಒಬ್ಬರು ಬಂದೇ ಬರುತ್ತಾರೆ. ಬೆನ್ನು ತಟ್ಟಿ, "ಇದನ್ನು ಫಿಲ್ಮ್ ಮಾಡ್ಬೇಕು ಮಾರಾಯ್ರೆ" ಅನ್ನುತ್ತಾರೆ. ಉಡುಪಿ, ಮಂಗಳೂರು ಕಡೆ ಎರಡು ನಾಟಕ ಬರೆದವರೆಲ್ಲ ಈ ಮಾತು ಕೇಳಿರುತ್ತಾರೆ. ನನಗೂ ಹೇಳಿದ್ದರು. ಹದಿನೆಂಟು ವರ್ಷದಿಂದ ನಾಟಕ ಬರೆಯುತ್ತಿದ್ದೇನೆ. ನಡುವೆ ನಾಲ್ಕು ಕಿರುಚಿತ್ರ, ಒಂದು ಪೂರ್ತಿ ಸಿನಿಮಾ ಬರೆದು ನಿರ್ದೇಶಿಸಿದ್ದೇನೆ. ಈ ದಾರಿಗೆ ಬರಬೇಕು ಅಂದುಕೊಂಡ ಹುಡುಗ ಹುಡುಗಿಯರು ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕ್ಯಾಮೆರಾ, ಲೆನ್ಸ್ ಎಲ್ಲ ಆಮೇಲೆ. ನಾಟಕದವರು ಸಿನಿಮಾಕ್ಕೆ ಬಂದಾಗ ಕಲಿಯಬೇಕಾದ ದೊಡ್ಡ ಕೆಲಸ ಮಾತು ಬಿಡುವುದು. ಉಳಿದದ್ದನ್ನೆಲ್ಲ ಕೇಳಿ ತಿಳಿದುಕೊಳ್ಳಬಹುದು. ಇದೊಂದನ್ನು ಮಾತ್ರ ನೀವೇ ಕೂತು, ಬರೆದು, ಹೊಡೆದು ಹಾಕಿ ಕಲಿಯಬೇಕು.

ಮೊದಲು ಕೊನೆಯ ಸಾಲಿನಲ್ಲಿ ಕೂತುಕೊಳ್ಳಿ

ಕನಿಷ್ಠ ಮೂರು ನಾಟಕ ರಂಗದ ಮೇಲೆ ಬರುವವರೆಗೆ ಸಿನಿಮಾದ ಕಡೆ ಹೋಗಬೇಡಿ. ಪುಸ್ತಕದಲ್ಲಿ ಅಚ್ಚಾದ ನಾಟಕ ಲೆಕ್ಕಕ್ಕಿಲ್ಲ, ಜನರ ಮುಂದೆ ಆಡಿದ್ದು ಬೇಕು. ನಿಮ್ಮ ನಾಟಕ ನಡೆಯುವಾಗ ಸೈಡ್ ವಿಂಗಿನಲ್ಲಿ ನಿಲ್ಲುವುದು ಬಿಟ್ಟು, ಒಂದು ನೋಟ್‌ಬುಕ್ ಹಿಡಿದು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತುಕೊಳ್ಳಿ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮು ಜಾಸ್ತಿ ಆಯ್ತು, ಎಲ್ಲಿ ಮೊಬೈಲ್ ಬೆಳಕು ಕಾಣಿಸಿತು ಅಂತ ಬರೆದುಕೊಳ್ಳಿ. ಐದು ಶೋ ಆದ ಮೇಲೆ ಆ ಐದು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎಲ್ಲ ಶೋಗಳಲ್ಲೂ ಒಂದೇ ಜಾಗದಲ್ಲಿ ಕೆಮ್ಮು ಬಂದಿದ್ದರೆ ತಪ್ಪು ನಟನದ್ದಲ್ಲ, ಬರೆದವರದ್ದು.

ನಮ್ಮಲ್ಲಿ ನಾಟಕ ನೋಡಲು ಜಾಗಕ್ಕೆ ಕೊರತೆ ಇಲ್ಲ. ರಂಗಭೂಮಿ ಉಡುಪಿಯವರು ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಲ್ಲಿ ನಡೆಸುವ ರಾಜ್ಯ ಮಟ್ಟದ ನಾಟಕ ಸ್ಪರ್ಧೆಗೆ ಬೇರೆ ಬೇರೆ ಜಿಲ್ಲೆಗಳ ತಂಡಗಳು ಬರುತ್ತವೆ. ಆ ದಿನಗಳಲ್ಲಿ ರಜೆ ಹಾಕಿ ಎಲ್ಲ ನಾಟಕ ನೋಡಿ. ಮಂಗಳೂರಿನ ಪುರಭವನದಲ್ಲಿ ತುಳು ನಾಟಕ, ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ನಾಟಕ ನೋಡಿ. ಭಾಷೆ ಪೂರ್ತಿ ಅರ್ಥವಾಗದ ನಾಟಕ ನೋಡುವುದು ಒಳ್ಳೆಯ ಅಭ್ಯಾಸ. ಮಾತು ಹಿಡಿಯದೆ ಹೋದಾಗ ಕಣ್ಣು ಕೆಲಸ ಶುರು ಮಾಡುತ್ತದೆ. ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲವರು ಹೆಗ್ಗೋಡಿನ ನೀನಾಸಂನಲ್ಲಿ ಕಲಿಯಬಹುದು. ಅಲ್ಲಿನ ರಂಗ ಶಿಕ್ಷಣ ಕೇಂದ್ರ 1980ರಿಂದ ಇದೆ. ಮನೆ ಬಿಟ್ಟು ಹೋಗಲಾಗದವರು ಬೇಸರ ಪಡಬೇಕಿಲ್ಲ, ಊರಿನ ತಂಡದ ರಿಹರ್ಸಲ್‌ಗೆ ದಿನಾ ಹೋಗಿ. ಕಸ ಗುಡಿಸುವುದರಿಂದ ಪ್ರಾಂಪ್ಟಿಂಗ್‌ವರೆಗೆ ಎಲ್ಲ ಮಾಡಿ.

ಯಾವ ಕಥೆ?

ಎಲ್ಲರೂ ತಮ್ಮ ಅತಿ ಹೆಚ್ಚು ಶೋ ಕಂಡ ನಾಟಕವನ್ನೇ ಮೊದಲ ಸಿನಿಮಾ ಮಾಡಲು ಹೊರಡುತ್ತಾರೆ. ಅದಕ್ಕೆ ಕಾರಣವೂ ಇದೆ. ಮೊದಲ ತುಳು ಸಿನಿಮಾ ಬಂದದ್ದು 1971ರಲ್ಲಿ. ಆಮೇಲೆ ನಾಲ್ಕು ದಶಕ ತುಳು ಸಿನಿಮಾ ನಿಧಾನಕ್ಕೆ ಕುಂಟುತ್ತಾ ಸಾಗಿತು. 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಜನಪ್ರಿಯ ನಾಟಕ 'ಒರಿಯರ್ದೊರಿ ಅಸಲ್' ಸಿನಿಮಾ ಆಗಿ ಬಂತು. ನಾಟಕ ನೋಡಿದ ಜನವೇ ಮತ್ತೆ ಥಿಯೇಟರಿಗೆ ಬಂದರು. ಆಮೇಲೆ ತುಳು ಸಿನಿಮಾಗಳ ಸಂಖ್ಯೆಯೇ ಏರಿತು. ಹಾಗಾಗಿ ಈ ದಾರಿ ಸುಳ್ಳಲ್ಲ.

ಆದರೆ ಇನ್ನೊಂದು ದಾರಿಯನ್ನೂ ನೋಡಿ. ಗಿರೀಶ ಕಾರ್ನಾಡರು 'ತುಘಲಕ್' ಬರೆದು ಹೆಸರು ಮಾಡಿದ ಮೇಲೆ ಸಿನಿಮಾ ನಿರ್ದೇಶನಕ್ಕೆ ಇಳಿದವರು. ಮೊದಲು ಮಾಡಿದ್ದು 1971ರ 'ವಂಶವೃಕ್ಷ', ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಿ. ವಿ. ಕಾರಂತರ ಜೊತೆ ಸೇರಿ. ಅದು ಭೈರಪ್ಪನವರ ಕಾದಂಬರಿ. ಎರಡು ವರ್ಷದ ಮೇಲೆ ಬಂದ 'ಕಾಡು' ಕೂಡ ಇನ್ನೊಬ್ಬರ ಕಾದಂಬರಿಯೇ. ತಮ್ಮ ದೊಡ್ಡ ನಾಟಕಗಳನ್ನು ಅವರು ತಾವೇ ಸಿನಿಮಾ ಮಾಡಲಿಲ್ಲ. 'ನಾಗಮಂಡಲ'ವನ್ನು ತೆರೆಗೆ ತಂದವರು ನಾಗಾಭರಣ.

ಇದರಿಂದ ನಾನು ಕಲಿತದ್ದು ಇಷ್ಟು. ನಿಮ್ಮ ಸ್ವಂತ ನಾಟಕದ ಒಂದೊಂದು ಸಾಲಿಗೂ ಒಂದೊಂದು ಶೋದ ಚಪ್ಪಾಳೆ ಅಂಟಿಕೊಂಡಿರುತ್ತದೆ. ಅದನ್ನು ಕತ್ತರಿಸಲು ಕೈ ಬರುವುದಿಲ್ಲ. ಬೇರೆಯವರ ಸಣ್ಣ ಕಥೆಯಾದರೆ ಧೈರ್ಯವಾಗಿ ಕತ್ತರಿಸುತ್ತೀರಿ. ನಿಮ್ಮದು ನಗೆ ನಾಟಕ, ಜನ ಈಗಾಗಲೇ ತಯಾರಿದ್ದಾರೆ, ಅದೇ ನಟರು ಸಿಗುತ್ತಾರೆ ಅಂತಾದರೆ ಮೊದಲ ದಾರಿ ಹಿಡಿಯಿರಿ. ಇಲ್ಲವಾದರೆ ಮೊದಲ ಸಿನಿಮಾಕ್ಕೆ ಇನ್ನೊಬ್ಬರ ಕಥೆ ಕೇಳಿ, ಲಿಖಿತ ಒಪ್ಪಿಗೆ ಪಡೆದು ಮಾಡಿ. ಹೊರಗಿನ ನಾಟಕವನ್ನು ನಮ್ಮ ನೆಲಕ್ಕೆ ತರುವುದೂ ಒಂದು ಉಪಾಯ. ಅಭಯ ಸಿಂಹ ಅವರ 'ಪಡ್ಡಾಯಿ' ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನನ್ನು ನಮ್ಮ ಮೀನುಗಾರರ ನಡುವೆ ತಂದು ನಿಲ್ಲಿಸಿತು, ತುಳುವಿನ ಅತ್ಯುತ್ತಮ ಸಿನಿಮಾ ಎಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಮಾತು ಬಿಡುವ ಅಭ್ಯಾಸ

ಇದಕ್ಕೆ ಜಾಸ್ತಿ ಸಮಯ ಕೊಡಿ. ನಾವು ತಾಳಮದ್ದಳೆಯ ಊರಿನವರು. ವೇಷ ಇಲ್ಲದೆ, ಎದ್ದು ಕುಣಿಯದೆ, ಕೂತಲ್ಲೇ ಮಾತಾಡಿ ಇಡೀ ರಾತ್ರಿ ಜನರನ್ನು ಹಿಡಿದಿಡುವ ಅರ್ಥಧಾರಿಗಳನ್ನು ಕೇಳಿ ಬೆಳೆದವರು. ಮಾತಿನ ರುಚಿ ನಮಗೆ ಹುಟ್ಟಿನಿಂದ ಬಂದಿದೆ. ನಾಟಕಕ್ಕೆ ಅದು ದೊಡ್ಡ ಆಸ್ತಿ. ಕ್ಯಾಮೆರಾ ಮುಂದೆ ಅದೇ ಭಾರವಾಗುತ್ತದೆ.

ನನ್ನದೇ ಒಂದು ದೃಶ್ಯ ತೋರಿಸುತ್ತೇನೆ. ನಾಟಕದಲ್ಲಿ ಅಣ್ಣ ಮುಂಬೈಯ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದಿದ್ದಾನೆ. ಅವನ ದುಡ್ಡಿನಲ್ಲಿ ಓದಿದ ತಮ್ಮ ಈಗ ಬ್ಯಾಂಕಿನಲ್ಲಿ ಆಫೀಸರ್. ಜಾಗದ ಪಾಲಿನ ಮಾತು ಬರುತ್ತದೆ. ರಂಗದ ಮೇಲೆ ಅಣ್ಣ ನಡುವಿಗೆ ಬಂದು ಹೇಳುತ್ತಿದ್ದ: "ಇಪ್ಪತ್ತು ವರ್ಷ ಆ ಹೋಟೆಲಲ್ಲಿ ಎಂಜಲು ಪ್ಲೇಟು ಎತ್ತಿದ್ದೇನೆ ನಾನು. ಯಾರಿಗೋಸ್ಕರ? ನೀನು ಕುರ್ಚಿಯಲ್ಲಿ ಕೂತ್ಕೊಳ್ಳಲಿ ಅಂತ!" ಪ್ರತಿ ಶೋದಲ್ಲೂ ಚಪ್ಪಾಳೆ. ಒಬ್ಬರು ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಾನೇ ನೋಡಿದ್ದೇನೆ.

ಸಿನಿಮಾಕ್ಕೆ ಬರೆಯುವಾಗ ಆ ಸಾಲು ಬಿಡಲು ನನಗೆ ಎರಡು ತಿಂಗಳು ಬೇಕಾಯಿತು. ಬಿಟ್ಟ ಮೇಲೆ ದೃಶ್ಯ ಹೀಗಾಯಿತು. ತಮ್ಮನ ಹೊಸ ಮನೆ. ಊಟ ಮುಗಿದಿದೆ. ಎಲ್ಲರೂ ಮಾತಾಡುತ್ತಿದ್ದಾರೆ. ಅಣ್ಣ ಎದ್ದವನು ಯಾರಿಗೂ ಹೇಳದೆ ಮೇಜಿನ ಮೇಲಿನ ತಟ್ಟೆ ಒಂದರ ಮೇಲೊಂದು ಇಡುತ್ತಾನೆ. ದೊಡ್ಡದು ಕೆಳಗೆ, ಸಣ್ಣದು ಮೇಲೆ. ನಾಲ್ಕು ಬೆರಳು ಒಳಗೆ ಹಾಕಿ ನಾಲ್ಕು ಲೋಟ ಒಟ್ಟಿಗೆ ಹಿಡಿಯುತ್ತಾನೆ. ಎಡಗೈ ಮೇಲೆ ತಟ್ಟೆಗಳ ರಾಶಿ, ಬಲಗೈಯಲ್ಲಿ ಲೋಟ, ಹೆಗಲ ಮೇಲೆ ಟವೆಲು. ಮಾತು ನಿಲ್ಲುತ್ತದೆ. ತಮ್ಮ ಮಾತ್ರ ಹೇಳುತ್ತಾನೆ, "ಅಲ್ಲೇ ಇಡಣ್ಣ, ನಾನು ತೆಗೀತೇನೆ." ಅಷ್ಟೇ. ಜಾಗದ ಮಾತು ಆ ದಿನ ಮುಂದೆ ಹೋಗುವುದಿಲ್ಲ.

ನಿಮ್ಮ ನಾಟಕದ ಒಂದು ದೃಶ್ಯ ತೆಗೆದುಕೊಂಡು ಹೀಗೆ ಮಾಡಿ ನೋಡಿ:

1. ಆ ದೃಶ್ಯದಲ್ಲಿ ಹೆಚ್ಚು ಚಪ್ಪಾಳೆ ಬೀಳುವ ಸಾಲಿಗೆ ಗುರುತು ಹಾಕಿ.
2. ಆ ಸಾಲು ಹೇಳುವ ವಿಷಯ ಯಾವ ಕೈಯ ಕೆಲಸದಲ್ಲಿ, ಯಾವ ಸಾಮಾನಿನಲ್ಲಿ, ಯಾವ ಅಭ್ಯಾಸದಲ್ಲಿ ಕಾಣಬಹುದು ಎಂದು ಹತ್ತು ಸಾಧ್ಯತೆ ಬರೆಯಿರಿ. ಮೊದಲ ಐದು ಎಲ್ಲರಿಗೂ ಹೊಳೆಯುವಂಥದ್ದೇ ಆಗಿರುತ್ತವೆ.
3. ಒಂದನ್ನು ಆರಿಸಿ ದೃಶ್ಯವನ್ನು ಮಾತೇ ಇಲ್ಲದೆ ಬರೆಯಿರಿ.
4. ಮಾತಿಲ್ಲದೆ ಅರ್ಥವೇ ಆಗದು ಎನ್ನುವ ಕಡೆ ಮಾತ್ರ ಒಂದು ಸಾಲು ಸೇರಿಸಿ. ಅದು ವಿವರಿಸುವ ಮಾತಾಗಿರಬಾರದು. ತಮ್ಮ "ಅಲ್ಲೇ ಇಡಣ್ಣ" ಅಂದ ಹಾಗೆ, ತಟ್ಟೆಯ ಬಗ್ಗೆ ಮಾತ್ರ ಇರಲಿ.

ಹಾಗಂತ ಮಾತೇ ಬೇಡ ಎಂದಲ್ಲ. ನಾಟಕದವರ ಕಿವಿ ಸಿನಿಮಾದವರಿಗೆ ಸುಲಭವಾಗಿ ಸಿಗುವುದಿಲ್ಲ. ಕುಂದಾಪುರದ ಅಜ್ಜಿಯ ಕನ್ನಡ, ಬಂದರಿನ ಬ್ಯಾರಿ ವ್ಯಾಪಾರಿಯ ಮಾತು, ಬಲ್ಮಠದ ಕಾಲೇಜು ಹುಡುಗಿಯ ಮಾತು ಬೇರೆ ಬೇರೆ ಅಂತ ನಿಮಗೆ ಗೊತ್ತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನ ಕಂಡಕ್ಟರ್ ಎರಡು ಸ್ಟಾಪಿನೊಳಗೆ ತುಳು, ಕನ್ನಡ, ಬ್ಯಾರಿ ಮೂರೂ ಮಾತಾಡಿ ಮುಗಿಸುತ್ತಾನೆ. ಚಿತ್ರಕಥೆಯಲ್ಲಿ ಅದು ಹಾಗೆಯೇ ಬರಲಿ. ಎಲ್ಲರ ಬಾಯಿಗೂ ಒಂದೇ ಕನ್ನಡ ತುರುಕಬೇಡಿ. ಅರ್ಥವಾಗದವರಿಗೆ ಸಬ್‌ಟೈಟಲ್ ಇದೆ. ಅದಕ್ಕೆ ಮೊದಲೇ ದುಡ್ಡು ತೆಗೆದಿಡಿ. ಅನುವಾದವನ್ನು ಕೊನೆಯ ವಾರ ಯಾರ ಕೈಯಲ್ಲೋ ಸುಮ್ನೆ ಮಾಡಿಸಬೇಡಿ.

ಅಳತೆಯ ವಿಷಯ ಒಂದಿದೆ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನಲ್ಲಿ ಬರೆಯುವವರದ್ದು. ಕನ್ನಡದಲ್ಲಿ ಟೈಪ್ ಮಾಡಿದಾಗ ಅದನ್ನು ನಂಬಬೇಡಿ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ, ಮಾತಿಲ್ಲದ ಜಾಗಕ್ಕೆ ಎದ್ದು ನಡೆದು, ತಟ್ಟೆ ಎತ್ತಿ ಇಟ್ಟು ಸಮಯ ನೋಡಿ.

ಹತ್ತು ನಿಮಿಷದ ಕಿರುಚಿತ್ರ ಮಾಡಿ, ಸದ್ದು ಸರಿ ಮಾಡಿಕೊಳ್ಳಿ

ಪೂರ್ತಿ ಸಿನಿಮಾಕ್ಕೆ ಮೊದಲು ಎರಡು ಪಾತ್ರ, ಒಂದು ಮನೆ, ಹತ್ತು ನಿಮಿಷದ ಕಿರುಚಿತ್ರ ಮಾಡಿ. ಮೊಬೈಲಿನಲ್ಲಿ ತೆಗೆದರೂ ಆದೀತು. ಖರ್ಚು ಮಾಡುವುದಿದ್ದರೆ ಮೈಕಿಗೆ ಮಾಡಿ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಕಿರುಚಿತ್ರದಲ್ಲಿ ಅಪ್ಪ ಮಗಳ ಮಾತನ್ನು ಪಡುಕೆರೆಯ ಕಡಲ ಬದಿಯಲ್ಲಿ ಇಟ್ಟಿದ್ದೆ. ಸಂಜೆಯ ಬೆಳಕು ಚಂದ ಇತ್ತು. ಎಡಿಟಿಂಗ್‌ನಲ್ಲಿ ಕೂತಾಗ ಎದೆ ಧಸಕ್ ಅಂದಿತು. ಗಾಳಿ ಮೈಕಿಗೆ ಬಡಿದು ಅರ್ಧ ಮಾತೇ ಇಲ್ಲ. ಇನ್ನರ್ಧದಲ್ಲಿ ಅಪ್ಪನ ಶಾಟಿನಲ್ಲಿ ತೆರೆ ಅಬ್ಬರಿಸುತ್ತದೆ, ಮಗಳ ಶಾಟಿಗೆ ಕತ್ತರಿಸಿದ ಕೂಡಲೇ ತೆರೆ ಸುಮ್ಮನಾಗುತ್ತದೆ. ಎರಡನ್ನೂ ಜೋಡಿಸಲು ಆಗಲೇ ಇಲ್ಲ. ಪೂರ್ತಿ ಡಬ್ಬಿಂಗ್ ಮಾಡಬೇಕಾಯಿತು. ಅಪ್ಪನ ಪಾತ್ರ ಮಾಡಿದವರು ಅಷ್ಟರಲ್ಲಿ ಮುಂಬೈಗೆ ಹೋಗಿಯಾಗಿತ್ತು. ಅವರ ಬದಲಿಗೆ ಬೇರೊಬ್ಬರ ಸ್ವರ ಹಾಕಿದೆವು. ಇವತ್ತಿಗೂ ಆ ಚಿತ್ರ ನೋಡಲು ನನಗೆ ಸಂಕಟ.

ಕಡಲ ಬದಿಯ ಮಾತಿನ ದೃಶ್ಯವಿದ್ದರೆ ಪಾತ್ರಗಳನ್ನು ನೀರಿನಿಂದ ಹಿಂದಕ್ಕೆ, ಗಾಳಿಮರದ ತೋಪಿನ ಮರೆಗೆ ತನ್ನಿ. ಮೈಕಿಗೆ ರೋಮದ ಹೊದಿಕೆ ಹಾಕಿ. ನಟರ ಬಟ್ಟೆಯೊಳಗೆ ಕಾಲರ್ ಮೈಕ್ ಇರಲಿ. ಯಾರೂ ಮಾತಾಡದೆ ಎರಡು ನಿಮಿಷ ಬರೀ ತೆರೆಯ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಅದನ್ನು ಎಲ್ಲ ಶಾಟುಗಳ ಕೆಳಗೆ ಹಾಸಿದರೆ ಕತ್ತರಿಸಿದ ಜಾಗ ಕಿವಿಗೆ ತಿಳಿಯುವುದಿಲ್ಲ. ಮನೆಯೊಳಗೂ ಇದೇ ಕ್ರಮ. ಫ್ಯಾನ್, ಫ್ರಿಜ್ ಆಫ್ ಮಾಡಿಸಿ. ಫ್ರಿಜ್ ಆಫ್ ಮಾಡಿದಾಗ ನಿಮ್ಮ ಬೈಕಿನ ಕೀ ಅದರೊಳಗೆ ಇಡಿ, ಹೊರಡುವಾಗ ಮತ್ತೆ ಆನ್ ಮಾಡಲು ನೆನಪಾಗುತ್ತದೆ. ಮನೆಯವರ ಮೀನು ಹಾಳಾದರೆ ಎರಡನೇ ದಿನ ಮನೆ ಸಿಗುವುದಿಲ್ಲ.

ಯಾವಾಗ ಶೂಟಿಂಗ್?

ನಮ್ಮ ಒಳ್ಳೆಯ ನಟರೆಲ್ಲ ರಂಗದವರು. ದೀಪಾವಳಿ ಕಳೆದ ಮೇಲೆ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಅವರಿಗೆ ನಾಟಕದ ಸೀಸನ್. ಜಾತ್ರೆ, ಬ್ರಹ್ಮಕಲಶ, ಸಂಘದ ವಾರ್ಷಿಕೋತ್ಸವ ಅಂತ ರಾತ್ರಿ ಶೋ ಮುಗಿಸಿ ಎರಡು ಗಂಟೆಗೆ ಮನೆಗೆ ಬರುವವರನ್ನು ಬೆಳಿಗ್ಗೆ ಆರಕ್ಕೆ ಸೆಟ್ಟಿಗೆ ಕರೆದರೆ ಕಣ್ಣು ಊದಿಕೊಂಡೇ ಬರುತ್ತಾರೆ. ಕ್ಯಾಮೆರಾ ಅದನ್ನು ಮುಚ್ಚಿಡುವುದಿಲ್ಲ.

ಪತ್ತನಾಜೆ ಕಳೆದರೆ ನಟರು ಸಿಗುತ್ತಾರೆ, ಮಳೆಯೂ ಬರುತ್ತದೆ. ಅದಕ್ಕೇ ನಾನು ಹೇಳುವುದು, ಮೊದಲ ಕಥೆಯನ್ನು ಮಳೆಗಾಲದ ಮನೆಯೊಳಗಿನ ಕಥೆ ಮಾಡಿ. ಜುಲೈ, ಆಗಸ್ಟ್ ನಡುವಿನ ಆಟಿ ತಿಂಗಳ ಮೋಡದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತದೆ, ಗಟ್ಟಿ ನೆರಳಿನ ರಗಳೆ ಇಲ್ಲ. ಹಂಚಿನ ಮೇಲಿನ ಮಳೆ ಸದ್ದು ಮಾತ್ರ ಕಾಡುತ್ತದೆ. ದೃಶ್ಯದಲ್ಲೇ ಮಳೆ ಇದೆ ಎಂದು ಬರೆದುಕೊಂಡರೆ ಅರ್ಧ ಸಮಸ್ಯೆ ತೀರಿತು.

ಬಂದರಿನ ದೃಶ್ಯ ಇದ್ದರೆ ಮೀನುಗಾರಿಕೆ ನಿಷೇಧದ ದಿನ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವುದಿಲ್ಲ. ಬೋಟು ಹೊರಡುವ, ಮೀನು ಇಳಿಸುವ ಶಾಟ್ ಬೇಕಾದರೆ ಆಗ ಮಲ್ಪೆಗೆ ಹೋಗಿ ಪ್ರಯೋಜನವಿಲ್ಲ. ಸಾಲಾಗಿ ಕಟ್ಟಿ ನಿಲ್ಲಿಸಿದ ಬೋಟು, ಬಲೆ ಹೊಲಿಯುವವರು ಬೇಕಾದರೆ ಅದೇ ಸರಿಯಾದ ಕಾಲ.

ಪ್ರಾಣಿ ಇದ್ದರೆ, ಕಂಬಳದ ಕೋಣ ಇರಲಿ, ಮನೆಯ ನಾಯಿ ಇರಲಿ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮೊದಲೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸಿಕ್ಕಿಬೀಳುತ್ತೀರಿ. ದೈವದ ವಿಷಯ ಇನ್ನೂ ಸೂಕ್ಷ್ಮ. ಕೋಲವನ್ನು ಅಂದಕ್ಕಾಗಿ ಒಂದು ದೃಶ್ಯದಲ್ಲಿ ತುರುಕಬೇಡಿ. ಕಥೆಗೆ ಬೇಕೇ ಬೇಕು ಅಂತಾದರೆ ಆ ಸೇವೆ ಮಾಡುವ ಕುಟುಂಬದ ಹಿರಿಯರ ಹತ್ತಿರ ಹೋಗಿ ಕೂತು ಕೇಳಿ. ಅವರು ಬೇಡ ಅಂದರೆ ಬಿಟ್ಟುಬಿಡಿ.

ರಂಗದ ನಟರನ್ನು ಕ್ಯಾಮೆರಾಕ್ಕೆ ಒಗ್ಗಿಸುವುದು

ಇಲ್ಲಿ ನಾಟಕದವರಿಗೆ ಒಂದು ಲಾಭ ಇದೆ. ನಮಗೆ ರಿಹರ್ಸಲ್ ಮಾಡಿಸಲು ಬರುತ್ತದೆ. ಶೂಟಿಂಗ್‌ಗೆ ಮೊದಲು ಹದಿನೈದು ದಿನ ಸಂಜೆ ಎಲ್ಲರನ್ನೂ ಸೇರಿಸಿ ರಿಹರ್ಸಲ್ ಮಾಡಿದರೆ ಶೂಟಿಂಗ್ ದಿನಗಳು ಕಡಿಮೆಯಾಗುತ್ತವೆ. ದುಡ್ಡು ಉಳಿಯುವುದು ಅಲ್ಲೇ.

ಆದರೆ ರಿಹರ್ಸಲ್ ಹಾಲಿನಲ್ಲಿ ಬೇಡ, ಸಣ್ಣ ಕೋಣೆಯಲ್ಲಿ ಮಾಡಿ. ಇಬ್ಬರು ನಟರನ್ನು ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅಂತ ಹೇಳಿ ಮಾತು ಹೇಳಿಸಿ. ಇಪ್ಪತ್ತು ವರ್ಷ ಮೈಕನ್ನು ನಂಬದೆ ಕೊನೆಯ ಸಾಲಿಗೆ ಸ್ವರ ಮುಟ್ಟಿಸಿದವರು ಮೊದಲ ದಿನ ಕಷ್ಟಪಡುತ್ತಾರೆ. ಮೂರನೇ ದಿನ ಕೈ ಬೀಸುವುದು ನಿಲ್ಲುತ್ತದೆ, ನಾಲ್ಕನೇ ದಿನ ಹುಬ್ಬು. ಹಿರಿಯ ನಟರಿಗೆ ಎಲ್ಲರೆದುರು "ಓವರ್ ಆಯ್ತು" ಅನ್ನಬೇಡಿ. ಬದಿಗೆ ಕರೆದು, "ಅಣ್ಣಾ, ಈಗ ಹೇಳಿದ್ದನ್ನೇ ನನಗೊಬ್ಬನಿಗೇ ಹೇಳಿ" ಅನ್ನಿ, ಸಾಕು.

ಕಾಗದ

ನನ್ನ ಒಂದು ನಾಟಕವನ್ನು ಸಿನಿಮಾ ಮಾಡುತ್ತೇವೆ ಎಂದು ಒಬ್ಬರು ಬಂದಾಗ ನಾನು ಮನೆಯಲ್ಲಿ ಕಾಫಿ ಕೊಟ್ಟು, ಕೈ ಕುಲುಕಿ, ಹಸ್ತಪ್ರತಿ ಕೊಟ್ಟು ಕಳಿಸಿದೆ. ಸಿನಿಮಾ ಆಗಲಿಲ್ಲ. ಅದರ ಎರಡು ದೃಶ್ಯ ಮಾತ್ರ ಬೇರೆ ಕಡೆ ಕಾಣಿಸಿತು. ಕೇಳೋಣ ಅಂದರೆ ನನ್ನ ಹತ್ತಿರ ಒಂದು ಸಾಲಿನ ಕಾಗದ ಇರಲಿಲ್ಲ. ನಿಮಗೆ ಹಾಗಾಗಬಾರದು.

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ. ನಾಟಕಕ್ಕೆ ಸರ್ಕಾರದ ಶುಲ್ಕ 500 ರೂಪಾಯಿ. ಜಗಳ ಬಂದರೆ ಅದು ಸಾಕ್ಷಿಗೆ ಬರುತ್ತದೆ. ಬರೀ ಐಡಿಯಾಕ್ಕೆ ಹಕ್ಕಿಲ್ಲ, ಬರೆದ ರೂಪಕ್ಕೆ ಇದೆ. ಅದಕ್ಕೇ ಪೂರ್ತಿ ಬರೆಯುವವರೆಗೆ ಕಥೆಯನ್ನು ಹೋಟೆಲ್ ಟೇಬಲ್ ಮೇಲೆ ಹೇಳಬೇಡಿ.

ಹಕ್ಕು ಕೊಡುವುದಾದರೆ ಬರಹದಲ್ಲೇ ಆಗಬೇಕು, ನಿಮ್ಮ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಊರು ದೇಶಗಳಿಗೆ, ಎಷ್ಟು ದುಡ್ಡು ಎಲ್ಲ ಸ್ಪಷ್ಟ ಇರಲಿ. ವರ್ಷ ಬರೆಯದಿದ್ದರೆ ಕಾನೂನು ಐದು ವರ್ಷ ಎಂದು ಹಿಡಿಯುತ್ತದೆ. ಜಾಗ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ನಿಮಗೇ ವಾಪಸ್. 2012ರ ತಿದ್ದುಪಡಿ ಬಂದ ಮೇಲೆ ಬರಹಗಾರರ ರಾಯಲ್ಟಿಗೂ ರಕ್ಷಣೆ ಇದೆ. ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಬಳಕೆಯಲ್ಲಿ ನಿಮಗೆ ಬರಬೇಕಾದ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. "ಎಲ್ಲ ಹಕ್ಕು ಬಿಟ್ಟುಕೊಟ್ಟಿದ್ದೇನೆ" ಅನ್ನುವ ಸಾಲು ಕಂಡರೆ ಸಹಿ ಹಾಕದೆ ಎದ್ದು ಬಂದು ವಕೀಲರಿಗೆ ತೋರಿಸಿ.

ನಾಟಕದವರು ಮರೆಯಬಾರದ ಇನ್ನೊಂದು ಸಾಲು ಇದೆ: "ರಂಗ ಪ್ರದರ್ಶನದ ಹಕ್ಕು ಲೇಖಕರಲ್ಲೇ ಇರುತ್ತದೆ." ಇದನ್ನು ಸೇರಿಸದೆ ಹೋದರೆ ಸಿನಿಮಾ ಬಂದ ಮೇಲೆ ನಿಮ್ಮದೇ ತಂಡ ನಿಮ್ಮದೇ ನಾಟಕ ಆಡಲು ಇನ್ನೊಬ್ಬರನ್ನು ಕೇಳಬೇಕಾದೀತು.

ಶೀರ್ಷಿಕೆ ನೋಂದಣಿಗೆ ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಸೆನ್ಸಾರ್‌ಗೆ ಸೆನ್ಸಾರ್ ಮಂಡಳಿಯ ಬೆಂಗಳೂರಿನ ಪ್ರಾದೇಶಿಕ ಕಚೇರಿ. ಈ ಕೆಲಸ ತಿಳಿದ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು ಜೊತೆಗಿದ್ದರೆ ನೀವು ಇದರಲ್ಲಿ ತಲೆ ಹಾಕಬೇಕಿಲ್ಲ. ರಾಜ್ಯ ಸರ್ಕಾರದ ಸಬ್ಸಿಡಿ ತುಳು, ಕೊಂಕಣಿ ಸಿನಿಮಾಗಳಿಗೂ ಇದೆ. ಆದರೆ ಅದು ಸಿನಿಮಾ ಮುಗಿದ ಮೇಲೆ ಬರುವ ದುಡ್ಡು. ಅದನ್ನು ನಂಬಿ ಸಾಲ ಮಾಡಬೇಡಿ.

ಹೊಟ್ಟೆಪಾಡು

ಕೆಲಸ ಬಿಡಬೇಡಿ. ನಮ್ಮ ಕಡೆ ಈ ಎರಡೂ ಕೆಲಸ ಮಾಡುವವರಲ್ಲಿ ಮೇಷ್ಟ್ರು, ಬ್ಯಾಂಕಿನವರು, ಅಂಗಡಿ ಇಟ್ಟವರು ಇದ್ದಾರೆ. ನಾಟಕದ ಗೌರವಧನ ಸಣ್ಣದಾದರೂ ಪ್ರತಿ ಸೀಸನ್‌ಗೆ ಬರುತ್ತದೆ. ಸಿನಿಮಾದ ದುಡ್ಡು ಬಂದರೆ ಒಮ್ಮೆಗೇ ಬರುತ್ತದೆ, ಆಮೇಲೆ ಮೂರು ವರ್ಷ ಏನೂ ಇರುವುದಿಲ್ಲ. ನಡುವೆ ಬೇರೆಯವರ ಸಿನಿಮಾಕ್ಕೆ ಸಂಭಾಷಣೆ ಬರೆಯಿರಿ. ಮಾತಿನ ಕಿವಿ ಇರುವವರಿಗೆ ಆ ಕೆಲಸ ಸಿಗುತ್ತದೆ. ಇನ್ನೊಬ್ಬರ ಸೆಟ್ಟಿನಲ್ಲಿ ಕಲಿಯುವುದೂ ಆಗುತ್ತದೆ.

ನಾಟಕ ಮಾತ್ರ ನಿಲ್ಲಿಸಬೇಡಿ. ದೀಪಾವಳಿಗೆ ಹೊಸ ನಾಟಕ ಬೇಕು ಎಂದು ತಂಡದವರು ಆಟಿಯಲ್ಲೇ ಕೇಳಲು ಶುರು ಮಾಡುತ್ತಾರೆ. ಶೂಟಿಂಗ್ ದಿನ ಜೂನ್, ಜುಲೈಗೆ ಹಾಕಿಕೊಳ್ಳಿ. ಚೌತಿ ಕಳೆದ ಮೇಲೆ ಸಂಜೆ ಏಳರಿಂದ ಹತ್ತರವರೆಗೆ ರಿಹರ್ಸಲ್‌ಗೆ ಬಿಡಿ. ಎಡಿಟಿಂಗ್ ಹಗಲು ಮಾಡಬಹುದು.